ಪಿಯಾನೋ ಪಾಠದಲ್ಲಿ ಮೂರನೆಯವರು

(ಮಂಗಳೂರಿನಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ವೇದಿಕೆಯ ಮೇಲೆ ಚಿತ್ರ ತೋರಿಸಲು ಒಂದು ಪರದೆ, ನುಡಿಸಲು ಒಂದು ಕೀಬೋರ್ಡ್ ಇದ್ದವು.)

ಚಿತ್ರಗಳಿಗೆ ಹೋಗುವ ಮೊದಲು ನಿಮ್ಮನ್ನು ಒಂದು ಜಗಲಿಗೆ ಕರೆದುಕೊಂಡು ಹೋಗುತ್ತೇನೆ. ಬೆಂದೂರಿನ ಒಂದು ಹೆಂಚಿನ ಮನೆಯ ಜಗಲಿ. ನನಗೆ ಆಗ ಎಂಟು ವರ್ಷ. ಪ್ರತಿ ಶನಿವಾರ ಮಧ್ಯಾಹ್ನ ಅಜ್ಜಿ ನನ್ನನ್ನು ಅಲ್ಲಿಗೆ ಪಿಯಾನೋ ಕಲಿಯಲು ಕರೆದುಕೊಂಡು ಹೋಗುತ್ತಿದ್ದರು. ನಾನು ಟೀಚರನ್ನು ಮಿಸ್ ಅನ್ನುತ್ತಿದ್ದೆ. ಅಜ್ಜಿಗೆ ಅವರು ಬಾಯಮ್ಮ. ನಮ್ಮದು ತುಳು ಮಾತಾಡುವ ಮನೆ, ಅವರದ್ದು ಕೊಂಕಣಿ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಮಂಗಳೂರು ಅಂದರೆ ಇದೇ ಅಲ್ವಾ?

ನಮ್ಮ ಮನೆಯಲ್ಲಿ ಯಾರಿಗೂ ಪಿಯಾನೋ ಯಾಕೆ ಅಂತ ಗೊತ್ತಿರಲಿಲ್ಲ. ಅಪ್ಪ ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಜೊತೆ ಕೆಲಸ ಮಾಡುವವರ ಮಗಳು ಕಲಿಯುತ್ತಿದ್ದಳು, ಅದಕ್ಕೆ ನಾನೂ ಕಲಿಯಬೇಕಾಯಿತು. ಅಷ್ಟೇ ಕಾರಣ.

ಆ ಪಿಯಾನೋದ ಬಗ್ಗೆ ಒಂದು ಮಾತು. ಗೋಡೆಗೆ ಒರಗಿಸಿ ಇಡುವ ತರಹದ್ದು. ಹಿತ್ತಾಳೆಯ ಎರಡು ಮೇಣದಬತ್ತಿ ಕಂಬಗಳು ಅದರ ಎದುರಿಗೆ. ಒಳಗೆ ಒಂದು ನಲವತ್ತು ವಾಟಿನ ಬಲ್ಬು, ಹಗಲೂ ರಾತ್ರಿ ಉರಿಯುತ್ತಿತ್ತು. ಪಿಯಾನೋಗೆ ಚಳಿಯಾಗುತ್ತದೆ ಅಂತ ಮಿಸ್ ನನಗೆ ಹೇಳಿದ್ದರು, ನಾನು ನಂಬಿದ್ದೆ. ನಿಜವಾದ ವಿಷಯ ತೇವ. ನಮ್ಮ ಕಡಲ ಗಾಳಿ ತಂತಿಗೆ ತುಕ್ಕು ಹಿಡಿಸುತ್ತದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಜೊತೆಗೆ ಒರಲೆ. ಒಂದು ಪಿಯಾನೋದಲ್ಲಿ 88 ಮನೆ, ಅಂದರೆ ಬೆರಳಿನಿಂದ ಒತ್ತುವ ಕೀ, ಸುಮಾರು 230 ತಂತಿ. ಎಲ್ಲ ತಂತಿಗಳ ಬಿಗಿತ ಒಟ್ಟು ಸೇರಿಸಿದರೆ 18ರಿಂದ 20 ಟನ್ ಬರುತ್ತದೆ. ಅಂಥದ್ದನ್ನು ಆಟಿ ತಿಂಗಳಿನ ಮಂಗಳೂರಿನಲ್ಲಿ ಸ್ವರದಲ್ಲಿ ಇಡುವುದು ಅಂದರೆ ಒದ್ದೆ ಸೌದೆಯಲ್ಲಿ ಅನ್ನ ಮಾಡಿದ ಹಾಗೆ. ಬಲ್ಬು ಇದ್ದರೂ ಜೂನ್ ಬಂತೆಂದರೆ ಮಿಸ್ ಪಿಯಾನೋದಲ್ಲಿ ಒಂದು ಮನೆ ಮಲಗಿಬಿಡುತ್ತಿತ್ತು. ಪಡುವಣದ ಡೋ ರೇ ಮೀ ಲೆಕ್ಕದಲ್ಲಿ ನಡುವಿನ ಲಾ. ಒತ್ತಿದರೆ ಸ್ವರ ಇಲ್ಲ, ಬರೀ 'ಟಕ್'. ಮತ್ತೆ ಏಳಬೇಕಾದರೆ ನವರಾತ್ರಿ ಬರಬೇಕು. ಈ ಟಕ್ ನೆನಪಿರಲಿ.

ಅಜ್ಜಿ ಒಳಗೆ ಬರುತ್ತಿರಲಿಲ್ಲ. ಕೊಡೆ ಮಡಚಿ ಜಗಲಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಒಂದು ಗಂಟೆ ಕಳೆದ ಮೇಲೆ ಎದ್ದು, "ಆಯ್ತಾ?" ಅನ್ನುತ್ತಿದ್ದರು. ಹೀಗೆ ನಾಲ್ಕು ವರ್ಷ.

ಆಮೇಲೆ ನಾನು ಪಿಯಾನೋ ಬಿಟ್ಟೆ, ಕನ್ನಡ ಮೇಷ್ಟ್ರಾದೆ. ಆದರೆ ಸಂಗೀತ ಪಾಠದ ಚಿತ್ರ ಎಲ್ಲಿ ಕಂಡರೂ ನಿಂತು ನೋಡುವ ಚಾಳಿ ಉಳಿಯಿತು. ಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ, ದಂತವೈದ್ಯರ ಗೋಡೆಯ ಮೇಲೆ, ಎಲ್ಲಿದ್ದರೂ ಸರಿ. ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಕಂಡಿತು. ಈ ಚಿತ್ರಗಳಲ್ಲಿ ನುಡಿಸುವವರು ಇರುತ್ತಾರೆ, ವಾದ್ಯ ಇರುತ್ತದೆ. ಇನ್ನೊಬ್ಬರು ಇರುತ್ತಾರೆ, ಸುಮ್ನೆ. ಕಥೆ ಇರುವುದು ಅವರ ಹತ್ತಿರ. ಇವತ್ತು ನಾನು ಆ ಇನ್ನೊಬ್ಬರನ್ನೇ ಹುಡುಕುತ್ತಾ ಹೋಗುತ್ತೇನೆ.

ಪರದೆಯ ಮೇಲೆ ನೋಡಿ. ಇದು ಡಚ್ ಚಿತ್ರಕಾರ ವರ್ಮೀರ್ 1660ರ ದಶಕದ ಆರಂಭದಲ್ಲಿ ಬರೆದದ್ದು. ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ನಾವು ಇದನ್ನು 'ಸಂಗೀತ ಪಾಠ' ಅನ್ನುತ್ತೇವೆ, ಆದರೆ ಈ ಹೆಸರು ಅವನು ಇಟ್ಟದ್ದಲ್ಲ. 1762ರಲ್ಲಿ ರಾಜ ಮೂರನೆಯ ಜಾರ್ಜ್ ಇದನ್ನು ಕೊಂಡಾಗ ಬರೆದವನು ವರ್ಮೀರ್ ಅಂತಲೇ ಗೊತ್ತಿರಲಿಲ್ಲ. ಬೇರೆ ಚಿತ್ರಕಾರನದ್ದು ಅಂದುಕೊಂಡಿದ್ದರು.

ಕೋಣೆಯ ಆ ತುದಿಯಲ್ಲಿ ಹೆಣ್ಣುಮಗಳು ನಿಂತು ನುಡಿಸುತ್ತಿದ್ದಾಳೆ. ಬೆನ್ನು ನಮ್ಮ ಕಡೆಗೆ. ವಾದ್ಯ ಪಿಯಾನೋ ಅಲ್ಲ, ಅದರ ಪೂರ್ವಜ, ವರ್ಜಿನಲ್. ಪಕ್ಕದಲ್ಲಿ ಗಂಡಸು ಕೋಲು ಹಿಡಿದು ನಿಂತಿದ್ದಾನೆ. ಮೇಷ್ಟ್ರಾ? ನೆಂಟನಾ? ಮದುವೆಯಾಗಲು ಬಂದವನಾ? ಗೊತ್ತಾಗುವುದಿಲ್ಲ. ನೆಲದ ಮೇಲೆ ದೊಡ್ಡ ಪಿಟೀಲಿನಂಥ ವಾದ್ಯವೊಂದು ಬಿದ್ದಿದೆ. ಅದನ್ನು ನುಡಿಸುವವರು ಯಾರೂ ಇಲ್ಲ, ಅಥವಾ ಈಗ ತಾನೇ ನುಡಿಸಿ ಇಟ್ಟಿದ್ದಾರೆ. ವರ್ಜಿನಲ್ಲಿನ ಮುಚ್ಚಳದ ಮೇಲೆ ಲ್ಯಾಟಿನ್ ಸಾಲು ಇದೆ. ಸಂಗೀತ ಸಂತೋಷಕ್ಕೆ ಜೊತೆಗಾರ, ನೋವಿಗೆ ಮದ್ದು ಅಂತ ಅದರ ಅರ್ಥ.

ಈಗ ಗೋಡೆಯ ಮೇಲಿನ ಕನ್ನಡಿ ನೋಡಿ. ಬೆನ್ನ ಕಡೆಯಿಂದ ನೋಡಿದರೆ ಅವಳು ನೆಟ್ಟಗೆ ವಾದ್ಯವನ್ನೇ ನೋಡುತ್ತಿದ್ದಾಳೆ. ಕನ್ನಡಿಯಲ್ಲಿ? ಮುಖ ಸ್ವಲ್ಪ ಅವನ ಕಡೆ ತಿರುಗಿದೆ. ದೇಹ ಪಾಠದಲ್ಲಿದೆ, ಕನ್ನಡಿ ನಿಜ ಹೇಳಿಬಿಟ್ಟಿದೆ. ಇನ್ನೂ ಹತ್ತಿರ ಬನ್ನಿ. ಕನ್ನಡಿಯ ಮೇಲ್ಭಾಗದಲ್ಲಿ ಒಂದು ಮರದ ಕಾಲು ಕಾಣುತ್ತದೆ. ಅದು ಚಿತ್ರಕಾರನ ಹಲಗೆಯ ಕಾಲು. ಅಂದರೆ ಕೋಣೆಯಲ್ಲಿ ಇಬ್ಬರಲ್ಲ, ಮೂರು ಜನ. ಮೂರನೆಯವನು ನೋಡುತ್ತಿದ್ದಾನೆ. ಅವನು ನಿಂತ ಜಾಗದಲ್ಲಿ ಈಗ ನಾವು ನಿಂತಿದ್ದೇವೆ.

ಇಲ್ಲಿ ಸ್ವಲ್ಪ ವಾದ್ಯದ ವಿಷಯ. ವರ್ಜಿನಲ್, ಹಾರ್ಪ್ಸಿಕಾರ್ಡ್ ಇವೆಲ್ಲ ತಂತಿಯನ್ನು ಮೀಟುವ ವಾದ್ಯಗಳು. ಎಷ್ಟು ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಕ್ರಿಸ್ಟೋಫೋರಿ ಎಂಬುವನು ಮೀಟುವ ಬದಲು ಸಣ್ಣ ಸುತ್ತಿಗೆಯಿಂದ ತಂತಿಗೆ ಹೊಡೆಯುವ ಏರ್ಪಾಡು ಮಾಡಿದ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರು. ಅದಕ್ಕೇ 'ಪಿಯಾನೋ ಎ ಫೋರ್ಟೆ' ಅಂತ ಹೆಸರು, ಮೆಲ್ಲಗೆ ಮತ್ತು ಜೋರಾಗಿ ಅಂತ. ಜನ ಅದರಲ್ಲಿ ಅರ್ಧ ಮಾತ್ರ ಉಳಿಸಿಕೊಂಡರು. ಮೆಲ್ಲಗೆ ಎಂಬ ಹೆಸರಿನ ಈ ವಾದ್ಯವನ್ನು ನಮ್ಮ ಪಕ್ಕದ ಮನೆಯ ಹುಡುಗ ಬೆಳಿಗ್ಗೆ ಆರಕ್ಕೆ ಬಾರಿಸುವುದನ್ನು ನೀವು ಕೇಳಬೇಕು.

ನೂರು ವರ್ಷ ಕಳೆಯುವಷ್ಟರಲ್ಲಿ ಇದು ಇಂಗ್ಲೆಂಡಿನ ಮಧ್ಯಮ ವರ್ಗದ ಹಾಲಿಗೆ ಬಂತು. ಬಂದ ಕೂಡಲೇ ಕಾದಂಬರಿಗೂ ಬಂತು. ಜೇನ್ ಆಸ್ಟಿನ್ ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಪಿಯಾನೋ ಅಭ್ಯಾಸ ಮಾಡುತ್ತಿದ್ದವಳು. ಸ್ವರಲಿಪಿಯನ್ನು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದಳು. ಅವಳ 'ಎಮ್ಮಾ' ಹೊರಬಂದದ್ದು 1815ರ ಕೊನೆಗೆ. ಅದರಲ್ಲಿ ಒಂದು ಪ್ರಸಂಗ ಇದೆ, ಹೇಳದೆ ಇರಲಾರೆ.

ಊರಿನಲ್ಲಿ ಜೇನ್ ಫೇರ್‌ಫ್ಯಾಕ್ಸ್ ಅಂತ ಒಬ್ಬ ಹುಡುಗಿ. ಅಪ್ಪ ಅಮ್ಮ ಇಲ್ಲ, ಕಾಸಿಲ್ಲ. ಚೆನ್ನಾಗಿ ನುಡಿಸುತ್ತಾಳೆ, ಮನೆಯಲ್ಲಿ ಪಿಯಾನೋ ಇಲ್ಲ. ಒಂದು ದಿನ ಲಂಡನ್ನಿನ ಬ್ರಾಡ್‌ವುಡ್ ಕಂಪನಿಯ ಪಿಯಾನೋ ಅವಳ ಅಜ್ಜಿಯ ಪುಟ್ಟ ಮನೆಗೆ ಬಂದು ಇಳಿಯುತ್ತದೆ. ಕಳಿಸಿದವರ ಹೆಸರಿಲ್ಲ! ಊರಿಗೆ ಊರೇ ಗುಸುಗುಸು. ಕಳಿಸಿದವನು ಫ್ರಾಂಕ್ ಚರ್ಚಿಲ್, ಅವಳ ಜೊತೆ ಗುಟ್ಟಾಗಿ ಮದುವೆ ಮಾತಾಡಿಕೊಂಡವನು. ಕ್ಷೌರ ಮಾಡಿಸಲು ಹೋಗುತ್ತೇನೆ ಅಂತ ಹದಿನಾರು ಮೈಲಿ ದೂರದ ಲಂಡನ್ನಿಗೆ ಹೋಗಿ ಬಂದಿರುತ್ತಾನೆ. ಕ್ಷೌರಕ್ಕೆ ಲಂಡನ್ನಾ ಅಂತ ಜನ ನಗುತ್ತಾರೆ. ಪಿಯಾನೋ ಮತ್ತು ಕ್ಷೌರ ಎರಡನ್ನೂ ಸೇರಿಸಿ ನೋಡುವುದು ಯಾರಿಗೂ ಹೊಳೆಯುವುದಿಲ್ಲ. ಆ ಹುಡುಗಿ ಪಿಯಾನೋ ಮುಟ್ಟಿದಾಗಲೆಲ್ಲ ಕೋಣೆಯಲ್ಲಿ ಇರುವವರು ಸಂಗೀತ ಕೇಳುವುದಿಲ್ಲ, ಅವಳ ಮುಖ ನೋಡುತ್ತಾರೆ. ಕಳಿಸಿದವರ ಹೆಸರು ಅಲ್ಲಿ ಸಿಗಬಹುದು ಅಂತ.

ಇದು ನಮಗೆ ಹೊಸದಾ? 'ಹುಡುಗಿಗೆ ಹಾಡ್ಲಿಕ್ಕೆ ಬರ್ತದಾ?' ಈ ಪ್ರಶ್ನೆ ಕೇಳದ ಮನೆ ಎಷ್ಟಿವೆ ಇಲ್ಲಿ? ನಮ್ಮಲ್ಲಿ ಪಿಯಾನೋದ ಜಾಗದಲ್ಲಿ ಹಾರ್ಮೋನಿಯಂ ಇತ್ತು, ಅಷ್ಟೇ. ನನ್ನ ಚಿಕ್ಕಮ್ಮನಿಗೆ ಒಂದೇ ಒಂದು ದೇವರನಾಮ ಬರುತ್ತಿತ್ತು. ಮೂರು ಕಡೆಯವರು ನೋಡಲು ಬಂದರು, ಮೂರೂ ಸಲ ಅದನ್ನೇ ಹಾಡಿದರು. ಮೂರನೆಯವರು ಒಪ್ಪಿದರು. ಹಾಡು ಕೇಳಿ ಒಪ್ಪಿದ್ದಲ್ಲ ಅಂತ ಚಿಕ್ಕಪ್ಪ ಆಮೇಲೆ ಹೇಳಿದ್ದಾರೆ, ಹಾಡುವಾಗ ಪಕ್ಕದಲ್ಲಿ ಹುಡುಗಿಯ ತಂಗಿ ನಗು ತಡೆಯಲಾರದೆ ಎದ್ದು ಹೋದಳಂತೆ, ಆ ಮನೆ ಇಷ್ಟವಾಯಿತಂತೆ. ಇಲ್ಲೂ ಮೂರನೆಯವರೇ ಕೆಲಸ ಮಾಡಿದ್ದು. ಮದುವೆಯಾದ ಮೇಲೆ ಹಾರ್ಮೋನಿಯಂ ಅಟ್ಟ ಸೇರಿತು. 'ಎಮ್ಮಾ'ದಲ್ಲೂ ಮಿಸೆಸ್ ಎಲ್ಟನ್ ಅಂತ ಒಬ್ಬಳು ಬರುತ್ತಾಳೆ. ಮದುವೆಯಾದ ಮೇಲೆ ಸಂಗೀತ ಬಿಟ್ಟ ಗೆಳತಿಯರ ಹೆಸರನ್ನು ಒಂದೊಂದಾಗಿ ಹೇಳುತ್ತಾಳೆ. ಪಟ್ಟಿ ಉದ್ದ ಇದೆ.

ಈ ಚಿತ್ರ ನಿಮಗೆಲ್ಲ ಗೊತ್ತು. ಫ್ರಾನ್ಸಿನ ಚಿತ್ರಕಾರ ರೆನ್ವಾರ್, 1892. ಇಬ್ಬರು ಹುಡುಗಿಯರು, ಒಬ್ಬಳು ಪಿಯಾನೋ ಮುಂದೆ ಕೂತಿದ್ದಾಳೆ, ಇನ್ನೊಬ್ಬಳು ಬಗ್ಗಿ ಸ್ವರಲಿಪಿ ನೋಡುತ್ತಿದ್ದಾಳೆ. ಫ್ರಾನ್ಸ್ ಸರ್ಕಾರ ಮ್ಯೂಸಿಯಂಗಾಗಿ ಚಿತ್ರ ಕೇಳಿತ್ತು, ಅವನು ಇದನ್ನೇ ಮತ್ತೆ ಮತ್ತೆ ಬರೆದ. ಹಲವು ಪ್ರತಿಗಳಿವೆ. ನೋಡಲು ಚೆಂದ, ನನಗೆ ಸ್ವಲ್ಪ ಸಿಹಿ ಜಾಸ್ತಿ ಅನ್ನಿಸುತ್ತದೆ. ಆ ಹುಡುಗಿಯರಿಗೆ ಸೊಂಟ ನೋವು ಬರುವುದೇ ಇಲ್ಲ. ಮುಂದಕ್ಕೆ ಹೋಗೋಣ.

ಇದು ಬೇರೆ ಜಾತಿ. ಫ್ರಾನ್ಸಿನವನೇ ಆದ ಮಾತೀಸ್, 1916, 'ಪಿಯಾನೋ ಪಾಠ'. ಮೂಲ ಚಿತ್ರ ನ್ಯೂಯಾರ್ಕಿನಲ್ಲಿದೆ, ಸುಮಾರು ಎಂಟು ಅಡಿ ಎತ್ತರ. ಬೂದು ಬಣ್ಣದ ದೊಡ್ಡ ಗೋಡೆ. ಕೆಳಗೆ ಬಲ ಮೂಲೆಯಲ್ಲಿ ಹುಡುಗನ ತಲೆ ಮಾತ್ರ. ಅವನು ಚಿತ್ರಕಾರನ ಮಗ ಪಿಯೇರ್. ಆಗ ಅವನಿಗೆ ಹದಿನಾರು ವರ್ಷ, ಚಿತ್ರದಲ್ಲಿ ಹತ್ತು ವರ್ಷದವನ ಹಾಗೆ ಬರೆದಿದ್ದಾನೆ. ಪಿಯಾನೋ ಮೇಲೆ ಮೆಟ್ರೊನೋಮ್ ಇದೆ ನೋಡಿ, ತಾಳ ಎಣಿಸುವ ಗೋಪುರದಾಕಾರದ ಯಂತ್ರ. ಅದೇ ಮೂರು ಮೂಲೆಯ ಆಕಾರ ಹುಡುಗನ ಮುಖದ ಮೇಲೂ ಬಿದ್ದಿದೆ, ಒಂದು ಕಣ್ಣನ್ನೇ ಕತ್ತರಿಸಿದ ಹಾಗೆ. ಕಿಟಕಿಯ ಹೊರಗಿನ ತೋಟವೂ ಹಸಿರು ಚೂಪು ಮೂಲೆ. ಮೆಟ್ರೊನೋಮ್ ಬೆಳೆದು ಬೆಳೆದು ಇಡೀ ಚಿತ್ರವನ್ನೇ ನುಂಗಿದೆ. ಹೊರಗೆ ಆಟ, ಒಳಗೆ ಟಿಕ್ ಟಿಕ್. ಪಾಠ ಅಂದರೆ ಮಗುವಿಗೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ ಅಂತ ನನ್ನ ಅಭಿಪ್ರಾಯ. ಸ್ವರಲಿಪಿ ಇಡುವ ಜಾಗದಲ್ಲಿ ಪಿಯಾನೋ ಕಂಪನಿಯ ಹೆಸರು ಪ್ಲೆಯೆಲ್ ಅಂತ ಇದೆ, ಆದರೆ ತಿರುಗುಮುರುಗಾಗಿ. ನಾವು ಪಿಯಾನೋದ ಹಿಂಬದಿಯಲ್ಲಿ ನಿಂತಿದ್ದೇವೆ ಅಂತ ಅರ್ಥ.

ಈಗ ಮೂರನೆಯವರನ್ನು ಹುಡುಕಿ. ಮೇಲೆ ಬಲಗಡೆ ಎತ್ತರದ ಸ್ಟೂಲಿನ ಮೇಲೆ ಹೆಂಗಸೊಬ್ಬಳು ಕೂತು ಹುಡುಗನ ತಲೆಯನ್ನೇ ನೋಡುತ್ತಿದ್ದಾಳೆ. ಮುಖದಲ್ಲಿ ಕಣ್ಣು ಮೂಗು ಏನೂ ಇಲ್ಲ. ಟೀಚರ್ ಇರಬೇಕು, ಅಮ್ಮ ಇರಬೇಕು ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಅಲ್ಲ. ಅದು ಗೋಡೆಗೆ ತೂಗುಹಾಕಿದ ಮಾತೀಸನದೇ ಒಂದು ಚಿತ್ರ. ಎಡಗಡೆ ಕೆಳಗೆ ಒಬ್ಬಳು ಆರಾಮವಾಗಿ ಕೂತಿದ್ದಾಳಲ್ಲ, ಅದೂ ಅವನೇ ಮಾಡಿದ ಕಂಚಿನ ಬೊಂಬೆ. ಕೋಣೆಯಲ್ಲಿ ಹುಡುಗ ಒಬ್ಬನೇ. ಕಾವಲಿಗೆ ಇರುವುದು ಅಪ್ಪ ಮಾಡಿದ ಎರಡು ಬೊಂಬೆಗಳು. ಅಪ್ಪ ಮನೆಯಲ್ಲಿ ಇಲ್ಲದಿದ್ದರೂ ಅಪ್ಪನ ಕಣ್ಣು ಇರುತ್ತದೆ. ಗೊತ್ತಲ್ಲ ನಿಮಗೆ?

ಮರುವರ್ಷ ಅದೇ ಕೋಣೆಯನ್ನು ಮತ್ತೆ ಬರೆದ. ಅದರಲ್ಲಿ ಮೂವರು ಮಕ್ಕಳೂ ಇದ್ದಾರೆ. ಮಗಳು ಪಿಯಾನೋ ಹತ್ತಿರ ನಿಂತಿದ್ದಾಳೆ, ದೊಡ್ಡ ಮಗ ಓದುತ್ತಿದ್ದಾನೆ, ತಾಯಿ ತೋಟದಲ್ಲಿ ಹೊಲಿಯುತ್ತಿದ್ದಾಳೆ. ಎಲ್ಲ ಮೆತ್ತಗಿದೆ. ಆದರೆ ಅದು 1917, ಮೊದಲ ಮಹಾಯುದ್ಧದ ಕಾಲ. ಓದುತ್ತಾ ಕೂತ ಮಗ ಆ ವರ್ಷವೇ ಸೈನ್ಯಕ್ಕೆ ಹೋದ. ಪಿಯೇರ್ ಮುಂದೆ ಸಂಗೀತಗಾರನಾಗಲಿಲ್ಲ, ನ್ಯೂಯಾರ್ಕಿನಲ್ಲಿ ಚಿತ್ರ ಮಾರುವ ಗ್ಯಾಲರಿ ಇಟ್ಟ. ಪಾಠ ಕಲಿತ ಎಲ್ಲರೂ ಪಿಯಾನೋ ನುಡಿಸಲೇಬೇಕು ಅಂತ ಇಲ್ಲ.

ನಗಬೇಕಾದರೆ ಇದನ್ನು ಕೇಳಿ. ಫ್ರಾನ್ಸಿನ ಸಂಗೀತಗಾರ ಸ್ಯಾಂ-ಸಾನ್ಸ್ 1886ರಲ್ಲಿ ಪ್ರಾಣಿಗಳ ಮೇಲೆ ಒಂದು ತಮಾಷೆಯ ಸಂಗೀತಮಾಲೆ ಮಾಡಿದ. ಸಿಂಹ, ಆಮೆ, ಆನೆ, ಕಾಂಗರೂ ಎಲ್ಲ ಬರುತ್ತವೆ. ನಡುವೆ ಇನ್ನೊಂದು ಪ್ರಾಣಿ ಬರುತ್ತದೆ, ಪಿಯಾನೋ ಕಲಿಯುವವರು! ಸ ರಿ ಗ ಮ ಹತ್ತುವುದು, ಇಳಿಯುವುದು, ಒಂದು ಮನೆ ಮೇಲಕ್ಕೆ ಹೋಗಿ ಮತ್ತೆ ಅದೇ. ಹೊಸಬರ ಹಾಗೆ ತಡವರಿಸಿ ನುಡಿಸಬೇಕು ಅಂತ ಅಚ್ಚಾದ ಪ್ರತಿಯಲ್ಲೇ ಸೂಚನೆ ಇದೆ. ತನ್ನ ಗಂಭೀರ ಹೆಸರಿಗೆ ಧಕ್ಕೆಯಾದೀತು ಅಂತ 'ಹಂಸ' ಒಂದನ್ನು ಬಿಟ್ಟು ಉಳಿದದ್ದನ್ನು ಬದುಕಿರುವಾಗ ಅವನು ಅಚ್ಚು ಹಾಕಿಸಲಿಲ್ಲ.

ಸ ರಿ ಗ ಮ ಅಂದೆ. ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಪಿಯಾನೋದ ಮಗು ಮೊದಲ ದಿನ ಬಿಳಿ ಮನೆಗಳ ಮೇಲೆ ಕಲಿಯುವುದು ನಮ್ಮ ಶಂಕರಾಭರಣದ ಸ್ವರಗಳನ್ನು. ನಮ್ಮ ಮಗು ಸರಳೆ ವರಸೆ ಶುರು ಮಾಡುವುದು ಮಾಯಾಮಾಳವಗೌಳದಲ್ಲಿ. ಅದು ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ನಮ್ಮ ಪರಂಪರೆ ಹೇಳುತ್ತದೆ. ಈಗ ಒಂದು ಆಟ ತೋರಿಸುತ್ತೇನೆ. ಬಿಳಿ ಮುಟ್ಟುವುದಿಲ್ಲ, ಬರೀ ಕಪ್ಪು ಮನೆ. ಮೂರು ಕಪ್ಪು ಮನೆಗಳ ಗುಂಪು ಇದೆಯಲ್ಲ, ಅದರ ಮೊದಲನೆಯದನ್ನು ಸ ಅಂತ ಇಟ್ಟುಕೊಂಡು ಮೇಲೆ ಹೋಗುತ್ತೇನೆ.

(ನುಡಿಸಿ ತೋರಿಸಲಾಯಿತು. ಸಭೆಯಿಂದ 'ಮೋಹನ' ಎಂಬ ದನಿ ಬಂತು.)

ಹೌದು, ಮೋಹನ. ಅದೇ ಗುಂಪಿನ ನಡುವಿನದರಿಂದ ಹೊರಟರೆ ಮಧ್ಯಮಾವತಿ. ಕೊನೆಯದರಿಂದ ಹಿಂದೋಳ. ಎರಡರ ಗುಂಪಿನ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ಐದು ಕಪ್ಪು ಮನೆ, ಐದು ರಾಗದ ಸ್ವರಗಳು. ಮಿಸ್ ನನಗೆ ಇದನ್ನು ಹೇಳಿಕೊಡಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ದೊಡ್ಡವಳಾದ ಮೇಲೆ ನಾನೇ ಕಂಡುಕೊಂಡೆ, ಆ ದಿನ ಕುಣಿದಾಡಿದ್ದೆ.

ಆದರೆ ಅದು ರಾಗದ ಸ್ವರ, ರಾಗ ಅಲ್ಲ. ನಮ್ಮವರು ಪಿಯಾನೋ ಕೀಗೆ ಮನೆ ಅಂತ ಸರಿಯಾದ ಹೆಸರೇ ಇಟ್ಟಿದ್ದಾರೆ. ಪ್ರತಿ ಮನೆಗೂ ಗೋಡೆ ಇದೆ. ಗಮಕ, ಅಂದರೆ ಸ್ವರವನ್ನು ತೂಗುವುದು, ಜಾರಿಸುವುದು, ಇರುವುದು ಎರಡು ಮನೆಗಳ ನಡುವಿನ ಓಣಿಯಲ್ಲಿ. ಪಿಯಾನೋದಲ್ಲಿ ಓಣಿ ಇಲ್ಲ. ತೋಡಿಯ ಗಾಂಧಾರವನ್ನು ಅದರಲ್ಲಿ ತೂಗಿ ನೋಡಿ, ಆಗುವುದಿಲ್ಲ. ಹಾರ್ಮೋನಿಯಂ ಮೇಲೂ ಇದೇ ದೂರು ಇತ್ತು. ಆಕಾಶವಾಣಿ 1940ರಲ್ಲಿ ಅದನ್ನು ಹೊರಗೆ ಹಾಕಿತು, 1971ರವರೆಗೆ ಒಳಗೆ ಬಿಡಲಿಲ್ಲ. ಅಷ್ಟೂ ವರ್ಷ ನಮ್ಮ ಯಕ್ಷಗಾನದಲ್ಲಿ ಶ್ರುತಿಪೆಟ್ಟಿಗೆ ತನ್ನ ಪಾಡಿಗೆ ಹಾಡುತ್ತಿತ್ತು. ಈಗಲೂ ಭಾಗವತರನ್ನು ಶ್ರುತಿ ಎಷ್ಟು ಅಂತ ಕೇಳಿ. 'ಕಪ್ಪು ಎರಡು', 'ಕಪ್ಪು ಮೂರು' ಅನ್ನುತ್ತಾರೆ. ಎಲ್ಲಿಯ ಕಪ್ಪು? ಕೀಬೋರ್ಡಿನ ಕಪ್ಪು ಮನೆ. ಪಿಯಾನೋ ನೋಡದವರ ಬಾಯಲ್ಲೂ ಪಿಯಾನೋದ ನಕ್ಷೆ ಇದೆ.

ಪಡುವಣದ ವಾದ್ಯವೆಲ್ಲ ನಮಗೆ ಒಗ್ಗುವುದಿಲ್ಲ ಅಂತಲೂ ಅಲ್ಲ. ಬಂಟ್ವಾಳ ತಾಲೂಕಿನ ಸಜಿಪದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮರುಳಾದರು. ಅದರಲ್ಲಿ ಉಸಿರಿದೆ, ತುಟಿಯಿದೆ, ಜಾರಲು ಓಣಿ ಇದೆ. ಅದನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಿ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯಲ್ಲಿ ನುಡಿಸಿದರು.

ಅದೇ ಅರಮನೆಯಲ್ಲಿ ಪಿಯಾನೋ ಕೂಡ ಇತ್ತು. ಜಯಚಾಮರಾಜೇಂದ್ರ ಒಡೆಯರು ಚಿಕ್ಕಂದಿನಿಂದ ಪಿಯಾನೋ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪರೀಕ್ಷೆ ಪಾಸು ಮಾಡಿದವರು. 1940ರಲ್ಲಿ ತಂದೆ ತೀರಿಕೊಂಡರು, ಅದೇ ವರ್ಷ ದೊಡ್ಡಪ್ಪ ನಾಲ್ವಡಿಯವರೂ ಹೋದರು. ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನ. ನುಡಿಸುವ ಕುರ್ಚಿಯಿಂದ ಎದ್ದು ಕೇಳುವ ಕುರ್ಚಿಗೆ ಬಂದರು ಅಂತ ನಾನು ಹೇಳುತ್ತೇನೆ. ಆಗ ಲಂಡನ್ನಿನಲ್ಲಿ ಮೆಟ್ನರ್ ಅಂತ ರಷ್ಯಾದ ಸಂಗೀತಗಾರ, ವಯಸ್ಸಾಗಿತ್ತು, ಕೈ ಬರಿದಾಗಿತ್ತು. ಅವನ ಸಂಗೀತ ಧ್ವನಿಮುದ್ರಣವಾಗಲು ನಮ್ಮ ಮಹಾರಾಜರು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಂಚೆರ್ಟೋವನ್ನು, ಅಂದರೆ ಪಿಯಾನೋಗೂ ವಾದ್ಯವೃಂದಕ್ಕೂ ಸೇರಿಸಿ ಬರೆದ ಕೃತಿಯನ್ನು, ಅವರಿಗೆ ಅರ್ಪಿಸಿದ. ಇವತ್ತು ಜಗತ್ತಿನಲ್ಲಿ ಮೆಟ್ನರ್ ಕೈಯಿಂದಲೇ ಮೆಟ್ನರ್ ಕೇಳುವ ಯಾರಿಗಾದರೂ ಮೈಸೂರಿನ ಋಣ ಇದೆ. ಒಡೆಯರು ಆಮೇಲೆ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು, ಅದು ಬೇರೆಯೇ ಉಪನ್ಯಾಸ.

ಕೊಲ್ಕತ್ತದ ಜೋಡಾಸಾಂಕೋ ಮನೆಯಲ್ಲೂ ಒಂದು ಪಿಯಾನೋ. ಜ್ಯೋತಿರಿಂದ್ರನಾಥ ಠಾಕೂರರು ಅದರ ಮುಂದೆ ಕೂತು ಹೊಸ ಹೊಸ ಧಾಟಿ ನುಡಿಸುತ್ತಿದ್ದರು. ಪಕ್ಕದಲ್ಲಿ ತಮ್ಮ ರವೀಂದ್ರ, ಕೈಯಲ್ಲಿ ಪೆನ್ಸಿಲು. ಅಣ್ಣ ಸುರಿಯುವ ಸ್ವರಕ್ಕೆ ಇವನು ಕೂಡಲೇ ಮಾತು ಜೋಡಿಸಬೇಕು. ಹಾಡು ಬರೆಯುವುದಕ್ಕೆ ಅಲ್ಲಿ ಕೈ ಪಳಗಿತು ಅಂತ ರವೀಂದ್ರರೇ ಬರೆದಿದ್ದಾರೆ. ಆ ಕೋಣೆಯ ಫೋಟೋ ತೆಗೆದಿದ್ದರೆ ನಾವು ಯಾರನ್ನು ನೋಡುತ್ತಿದ್ದೆವು? ಪಿಯಾನೋ ಮುಂದೆ ಕೂತವರನ್ನು.

ಇನ್ನೊಂದೇ ಕಥೆ. ಇದನ್ನು ಹೇಳಲು ನನಗೆ ಜಾಸ್ತಿ ಹೊತ್ತು ಬೇಕು. ಅಮೆರಿಕದ ಕಪ್ಪು ಜನರ ಚಿತ್ರಕಾರ ರೊಮಾರ್ ಬೇರ್ಡನ್ 'ಪಿಯಾನೋ ಪಾಠ' ಅಂತ ಒಂದು ಚಿತ್ರ ಮಾಡಿದ. ಹುಡುಗಿ ಪಿಯಾನೋ ಮುಂದೆ, ಟೀಚರ್ ಪಕ್ಕದಲ್ಲಿ. ಅದನ್ನು ನೋಡಿ ಆಗಸ್ಟ್ ವಿಲ್ಸನ್ ಅದೇ ಹೆಸರಿನ ನಾಟಕ ಬರೆದ. 1990ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು.

ಕಥೆ ನಡೆಯುವುದು 1936ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಅಕ್ಕ ಬರ್ನೀಸ್, ತಮ್ಮ ಬಾಯ್ ವಿಲ್ಲಿ. ಮನೆಯಲ್ಲಿ ಒಂದು ಪಿಯಾನೋ. ತಮ್ಮ ಅದನ್ನು ಮಾರಬೇಕು ಅನ್ನುತ್ತಾನೆ. ಆ ದುಡ್ಡಿನಲ್ಲಿ, ತನ್ನ ಹಿರಿಯರು ಗುಲಾಮರಾಗಿ ದುಡಿದ ಜಮೀನನ್ನೇ ಕೊಳ್ಳಬೇಕು. ಅಕ್ಕ ಕೊಡುವುದಿಲ್ಲ ಅನ್ನುತ್ತಾಳೆ. ಯಾಕೆಂದರೆ ಆ ಪಿಯಾನೋ ಕೊಂಡದ್ದು ಮನುಷ್ಯರನ್ನು ಕೊಟ್ಟು. ಗುಲಾಮರ ಒಡೆಯ ತನ್ನ ಹೆಂಡತಿಗೆ ಪಿಯಾನೋ ತರಲು ಇವರ ಕುಟುಂಬದ ಒಬ್ಬ ತಾಯಿಯನ್ನೂ ಅವಳ ಚಿಕ್ಕ ಮಗನನ್ನೂ ಬದಲಿಗೆ ಕೊಟ್ಟಿದ್ದ. ಆಮೇಲೆ ಆ ಒಡತಿಗೆ ಅವರ ನೆನಪು ಕಾಡಿತಂತೆ. ಅವಳ ಸಮಾಧಾನಕ್ಕೆ, ಉಳಿದ ಗಂಡ ಮರಗೆಲಸದವನು, ತನ್ನ ಹೆಂಡತಿ ಮಗನ ಮುಖವನ್ನು ಪಿಯಾನೋ ಮೇಲೆ ಕೆತ್ತಬೇಕಾಯಿತು. ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ತನ್ನ ಅಪ್ಪ, ಅಮ್ಮ, ಮದುವೆ, ಸಾವು, ಇಡೀ ಕುಟುಂಬವನ್ನೇ ಕೆತ್ತಿದ. ಮುಂದೆ ಆ ಪಿಯಾನೋವನ್ನು ಕದ್ದು ತಂದದ್ದಕ್ಕೆ ಬರ್ನೀಸಳ ಅಪ್ಪನ ಜೀವ ಹೋಯಿತು. ಅವಳ ತಾಯಿ ಹದಿನೇಳು ವರ್ಷ ದಿನಾ ಅದನ್ನು ಒರೆಸಿ ಹೊಳಪು ಕೊಟ್ಟಳು.

ಬರ್ನೀಸ್ ಅದನ್ನು ಮಾರುವುದಿಲ್ಲ, ಮುಟ್ಟುವುದೂ ಇಲ್ಲ. ಮಗಳಿಗೆ ಮಾತ್ರ ಪಾಠ ಹೇಳಿಸುತ್ತಾಳೆ. ಮೇಲೆ ಕೆತ್ತಿದ ಮುಖಗಳು ಯಾರದ್ದು ಅಂತ ಮಗಳಿಗೆ ಹೇಳಿಲ್ಲ. ಇದನ್ನು ಅಮೆರಿಕದವರಿಗೆ ವಿವರಿಸಬೇಕಾಗಬಹುದು, ನಮಗೆ ಬೇಡ. ದೈವದ ಭಂಡಾರ ಮಾರಿ ಜಾಗ ತೆಗೆದುಕೊಳ್ಳುತ್ತೇನೆ ಅಂತ ತಮ್ಮ ಹೇಳಿದರೆ ತರವಾಡು ಮನೆಯಲ್ಲಿ, ಕುಟುಂಬದ ಮೂಲ ಮನೆಯಲ್ಲಿ, ಏನಾಗುತ್ತದೆ ಅಂತ ಇಲ್ಲಿ ಕೂತವರಿಗೆ ಗೊತ್ತು. ಆಟಿಯಲ್ಲಿ ನಾವು ಕುಲೆಗಳಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಬಡಿಸುತ್ತೇವೆ, ಎಲೆ ಹಾಕಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಆ ನಾಟಕದ ಕೊನೆಯಲ್ಲಿ ಒಡೆಯನ ಮನೆತನದ ಪ್ರೇತ ಮನೆಗೆ ನುಗ್ಗುತ್ತದೆ. ತಮ್ಮ ಅದರ ಜೊತೆ ಗುದ್ದಾಡುತ್ತಾನೆ. ಪಾದ್ರಿಯ ಪ್ರಾರ್ಥನೆ ಸಾಲುವುದಿಲ್ಲ. ಆಗ ಬರ್ನೀಸ್ ಪಿಯಾನೋ ಮುಂದೆ ಕೂರುತ್ತಾಳೆ, ತನ್ನ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾ ನುಡಿಸುತ್ತಾಳೆ. ಇಲ್ಲಿ ಮೂರನೆಯವರು ಸತ್ತವರು. ಕೇಳಲು ಅವರು ಬರುತ್ತಾರೆ.

ಈಗ ಜಗಲಿಗೆ ಹೋಗೋಣ. ಹೊರಗೆ ಸ್ಕೂಟರಿನ ಮೇಲೆ ಕೂತು ಮಗುವಿನ ಕ್ಲಾಸ್ ಮುಗಿಯಲಿ ಅಂತ ಮೊಬೈಲ್ ನೋಡುವ ಅಪ್ಪ ಅಮ್ಮಂದಿರು ಇಲ್ಲಿ ಬಹಳ ಜನ ಇದ್ದೀರಿ, ನನಗೆ ಗೊತ್ತು. ನಾನೂ ಮಗನನ್ನು ಕಾಯುತ್ತಾ ಹಾಗೇ ಕೂತವಳು.

ನಾನು ಎರಡನೆಯ ವರ್ಷ ಕಲಿತದ್ದು ಒಂದು ಮಿನುಯೆಟ್, ಹಳೆಯ ಕಾಲದ ಕುಣಿತದ ಧಾಟಿ. ಪಿಯಾನೋ ಕಲಿತ ಪ್ರತಿ ಮಗುವೂ ಇದನ್ನು ನುಡಿಸಿರುತ್ತದೆ. ಜರ್ಮನಿಯ ಸಂಗೀತಗಾರ ಬಾಖ್ ತನ್ನ ಹೆಂಡತಿ ಆನಾ ಮಾಗ್ದಲೇನಾಗೆ 1725ರಲ್ಲಿ ಕೊಟ್ಟ ನೋಟ್‌ಬುಕ್ಕಿನಲ್ಲಿದೆ. ಬಾಖ್ ರಚನೆ ಅಂತಲೇ ಮಿಸ್ ಕಲಿಸಿದರು. ಅಲ್ಲವಂತೆ, ಡ್ರೆಸ್ಡೆನ್ನಿನ ಪೆಟ್ಜೋಲ್ಡ್ ಎಂಬ ಆರ್ಗನ್ ವಾದಕನದ್ದು. ಮಿಸ್‌ಗೆ ಇದು ತಿಳಿದಿದ್ದರೆ ಬೇಜಾರಾಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಅದು ಹೀಗೆ ಶುರುವಾಗುತ್ತದೆ: ಪ ದಿಂದ ಕೆಳಗಿನ ಸ ಗೆ ಇಳಿದು, ಸ ರಿ ಗ ಮ ಪ, ಮತ್ತೆ ಸ ಸ.

(ನುಡಿಸಿ ತೋರಿಸಲಾಯಿತು.)

ಆ ರಿ ಇದೆಯಲ್ಲ, ಅದೇ ಮಿಸ್ ಪಿಯಾನೋದ ಮಲಗಿದ ಮನೆ, ನಡುವಿನ ಲಾ. ನಾನು ಕಲಿತದ್ದು ಜೂನಿನಲ್ಲಿ. ಮೂರು ತಿಂಗಳು ಅದೇ ಪಾಠ. ಮಿಸ್ ಬಾಯಲ್ಲಿ ಆ ಸ್ವರ ಹೇಳುತ್ತಿದ್ದರು, ನಾನು ಮನಸ್ಸಿನಲ್ಲಿ ತುಂಬಿಕೊಳ್ಳುತ್ತಿದ್ದೆ. ಜಗಲಿಯಲ್ಲಿ ಕೂತವರಿಗೆ ಮಿಸ್ ಹೇಳಿದ್ದು ಕೇಳುತ್ತಿರಲಿಲ್ಲ.

ಎಷ್ಟೋ ವರ್ಷದ ಮೇಲೆ, ನನಗೆ ಮದುವೆಯಾಗಿ ಮಗನಾದ ಮೇಲೆ, ತವರಿಗೆ ಹೋಗಿದ್ದೆ. ಅಜ್ಜಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಮಗು ಅಳುತ್ತಿತ್ತು. ಅವರು ತುರಿಯುತ್ತಲೇ ಏನೋ ಗುನುಗಲು ಶುರು ಮಾಡಿದರು. ತುಳು ಪಾಡ್ದನದ ಹಾಡು ಇರಬೇಕು ಅಂದುಕೊಂಡೆ. ಕಿವಿ ಕೊಟ್ಟೆ. ಅದೇ ಮಿನುಯೆಟ್! ಎಂದೂ ಪಿಯಾನೋ ಮುಟ್ಟದ ಹೆಂಗಸು, ಶ್ರುತಿ ಸರಿಯಾಗಿಯೇ ಇತ್ತು. ಮೊದಲ ಎರಡು ಸ್ವರ ಗುನುಗಿದರು, ಮೂರನೆಯ ಜಾಗ ಬಂತು. ಅಲ್ಲಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ 'ಟಕ್' ಅಂದರು, ಮುಂದಿನ ಸ್ವರಕ್ಕೆ ಹೋದರು.

"ಅಜ್ಜಿ, ಅಲ್ಲಿ ಟಕ್ ಯಾಕೆ?" ಅಂತ ಕೇಳಿದೆ.

"ಆ ಹಾಡು ಇರುವುದೇ ಹಾಗಲ್ವಾ ಮಾರಾಯ್ತಿ," ಅಂದರು.